ಬಿಡುಗಡೆಗೆ ಮೊದಲೇ ಹಣ ಕಟ್ಟಬಹುದೇ?

ಕೀಲಿಮಣೆ:
ಮುಂದಿನ ತಿಂಗಳು ಬರಲಿರುವ ಒಂದು ವಿಡಿಯೋ ಗೇಮ್‌ಗೂ ಒಂದು ಹೊಸ ಹೆಡ್‌ಫೋನ್‌ಗೂ ಮುಂಗಡ ಬುಕಿಂಗ್ ಶುರುವಾಗಿದೆ. ಈಗಲೇ ಕೊಂಡರೆ ಗೇಮ್‌ನೊಳಗೆ ಚಿನ್ನದ ಕತ್ತಿಯೊಂದು ಉಚಿತವಂತೆ. ಹೆಡ್‌ಫೋನ್‌ಗೆ ಪೂರ್ತಿ ಹಣ ಮೊದಲೇ ಕೊಡಬೇಕು. ತಡಮಾಡಿದರೆ ಸಿಗುವುದಿಲ್ಲವೆಂದು ಇಮೇಲ್ ಮೇಲೆ ಇಮೇಲ್. ನೀವಾದರೆ ಏನು ಮಾಡುತ್ತೀರಿ?

ರಾತ್ರಿಪಾಳಿ:
ಆನ್‌ಲೈನ್ ಮಾರಾಟದ ಗ್ರಾಹಕ ಸೇವೆಯಲ್ಲಿ ದುಡಿಯುವವನು ನಾನು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಡೌನ್‌ಲೋಡ್ ಮಾಡಿಕೊಳ್ಳುವ ಗೇಮ್‌ನ ದಾಸ್ತಾನು ಮುಗಿಯುವುದಾದರೂ ಹೇಗೆ? ಸೈಬರ್‌ಪಂಕ್ 2077 ಗೇಮ್ ನೆನಪಿದೆಯಲ್ಲ. 2020ರಲ್ಲಿ ಮೂರು ಸಲ ಮುಂದೂಡಿ, ಡಿಸೆಂಬರ್ 10ರಂದು ಬಿಡುಗಡೆ ಮಾಡಿದರು. ಅಷ್ಟರಲ್ಲಿ ಸುಮಾರು 80 ಲಕ್ಷ ಪ್ರತಿಗಳು ಮುಂಗಡವಾಗಿಯೇ ಮಾರಾಟವಾಗಿದ್ದವು. ವಿಮರ್ಶಕರ ಕೈಗೆ ಮೊದಲು ಕೊಟ್ಟದ್ದು ಕಂಪ್ಯೂಟರ್ ಆವೃತ್ತಿಯನ್ನು ಮಾತ್ರ. ಸೋನಿ ಕಂಪನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಅದು ಎಷ್ಟು ಮುಗ್ಗರಿಸಿತೆಂದರೆ, ವಾರ ಕಳೆಯುತ್ತಲೇ ಸೋನಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದು ಹಣ ಹಿಂದಿರುಗಿಸಲು ಮುಂದಾಯಿತು. ವಿಮರ್ಶೆ ಬರುವವರೆಗೆ ಕಾಯಿರಿ. ಚಿನ್ನದ ಕತ್ತಿ ಇಲ್ಲದೆಯೂ ರಾಕ್ಷಸರು ಸಾಯುತ್ತಾರೆ.

ಹೆಡ್‌ಫೋನ್ ವಿಷಯ ಬೇರೆ. ಮೊದಲ ಕಂತಿನ ಸರಕು ನಿಜಕ್ಕೂ ಖಾಲಿಯಾಗಬಹುದು. ಆದರೆ ಸರಕು ರವಾನೆಯಾಗುವಾಗ ಹಣ ಕಡಿತ ಮಾಡುವ ಮಾರಾಟಗಾರರೂ ಇದ್ದಾರೆ, ಅಂಥವರನ್ನು ಹುಡುಕಿ. ಅಲ್ಲೂ ಒಂದು ತೊಡಕುಂಟು: ಬುಕಿಂಗ್‌ಗೂ ರವಾನೆಗೂ ನಡುವೆ ಕಾರ್ಡಿನ ಅವಧಿ ಮುಗಿದಿರುತ್ತದೆ, ಇಲ್ಲವೇ ಗ್ರಾಹಕರು ಮನೆ ಬದಲಿಸಿರುತ್ತಾರೆ. ಬಿಡುಗಡೆಯ ದಿನ ನಮಗೆ ಬರುವ ಕರೆಗಳಲ್ಲಿ ಈ ಗೋಳೇ ಹೆಚ್ಚು. ಪೆಟ್ಟಿಗೆ ಹಳೆಯ ವಿಳಾಸದ ಬಾಗಿಲಲ್ಲಿ, ಗ್ರಾಹಕರು ನನ್ನ ಕಿವಿಯಲ್ಲಿ!

ಅರ್ಧವಿರಾಮ:
ಗೇಮ್ ಬಗ್ಗೆ ಇಷ್ಟು ಕಟ್ಟುನಿಟ್ಟು ಬೇಡ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ಬಿಡುಗಡೆಗೆ ಮುನ್ನ ಯಾವಾಗ ಬೇಕಾದರೂ ರದ್ದು ಮಾಡಬಹುದು. ಬಿಡುಗಡೆಯಾದ ಮೇಲೂ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಹೆಡ್‌ಫೋನ್ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿದೆಯೇ ನೋಡಿಕೊಳ್ಳಿ. ಅಲ್ಲಿ ನೀವು ಕೊಡುವುದು ತಯಾರಿಕೆಗೆ ಬೆಂಬಲ, ವಸ್ತುವಿನ ಬೆಲೆಯಲ್ಲ. 2012ರಲ್ಲಿ ಅಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚು ಕೂಡಿಸಿದ ಪೆಬಲ್ ಕೈಗಡಿಯಾರ ಕೂಡ ಹೇಳಿದ ಸೆಪ್ಟೆಂಬರ್ ಬಿಟ್ಟು ಮುಂದಿನ ಜನವರಿಯಲ್ಲಿ ಹೊರಟಿತು.

ಕೀಲಿಮಣೆ:
ಕಿಕ್‌ಸ್ಟಾರ್ಟರ್ ಅಲ್ಲ, ಕಂಪನಿಯದೇ ತಾಣ. ಷರತ್ತುಗಳನ್ನು ಈಗ ಓದಿದೆ. ‘ರವಾನೆಯ ದಿನಾಂಕ ಅಂದಾಜು ಮಾತ್ರ’ ಎಂದಿದೆ, ರದ್ದತಿಯ ಸುದ್ದಿಯೇ ಇಲ್ಲ.

ರಾತ್ರಿಪಾಳಿ:
ಹಾಗಾದರೆ ಹಣ ಕಟ್ಟುವ ಮೊದಲು ರದ್ದತಿಯ ಬಗ್ಗೆ ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ ಕೇಳಬೇಡಿ, ನಾವು ‘ಖಂಡಿತ ಆಗುತ್ತದೆ’ ಎಂದೇ ಹೇಳುತ್ತೇವೆ.