‘ಅನುದಾನ’ ಎಂದರೆ ಯಾವ ಹಣ? ವಾಣಿಜ್ಯ ಇಲಾಖೆಯ ಖರ್ಚು ಕೇಳುವಾಗಿನ ಪದಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೇಂದ್ರ ವಾಣಿಜ್ಯ ಇಲಾಖೆಯ ಖರ್ಚಿನ ಬೇಡಿಕೆಗಳ ಮೇಲೆ ಸಂಸತ್ತಿನ ಸ್ಥಾಯಿ ಸಮಿತಿ ಕೊಡುವ ವರದಿಗಳ ಸಾರವನ್ನು ಕನ್ನಡಕ್ಕೆ ತರುವಾಗ ನಾಲ್ಕು ಕಡೆ ತೊಡಕಾಗುತ್ತದೆ. ಗ್ರಾಂಟ್, ಗ್ರಾಂಟ್ ಇನ್ ಏಡ್, ಸಬ್ಸಿಡಿ, ಮೂರಕ್ಕೂ ಪತ್ರಿಕೆಗಳಲ್ಲಿ ‘ಅನುದಾನ’ ಎಂದೇ ಬಳಕೆ. ಕಾಫಿ ಮಂಡಳಿಯ ವಿಷಯ ಬಂದಾಗ ಮೂರೂ ಒಂದೇ ವಾಕ್ಯದಲ್ಲಿ ಕೂರುತ್ತವೆ. ಎರಡನೆಯದು ಸೇವಿಂಗ್ಸ್: ‘ಉಳಿತಾಯ’ ಎಂದರೆ ಹೊಗಳಿದ ಹಾಗಾಗುತ್ತದೆ, ಸಮಿತಿ ಮಾತ್ರ ಆಕ್ಷೇಪಿಸುತ್ತಿರುತ್ತದೆ. ಮೂರನೆಯದು, ಸರೆಂಡರ್ ಮತ್ತು ಲ್ಯಾಪ್ಸ್ ಎರಡಕ್ಕೂ ‘ಹಣ ವಾಪಸ್’ ಎನ್ನಬಹುದೇ? ಕೊನೆಯದು, ಇಲಾಖೆಯ ಕಾರ್ಯದರ್ಶಿ ಸಮಿತಿಗೆ ಕೊಡುವ ಎವಿಡೆನ್ಸ್ ‘ಸಾಕ್ಷ್ಯ’ವೇ, ‘ವಿಚಾರಣೆ’ಯೇ?

ಉತ್ತರ 1

ಮಾನ್ಯರೇ, ನಿಮ್ಮ ಮೊದಲ ಪ್ರಶ್ನೆಯೇ ಬೇರು. ಹಣ ಹೋಗುವ ದಾರಿಯನ್ನು ಹಿಡಿದು ನಡೆದರೆ ಪದಗಳು ತಾವಾಗಿಯೇ ಬೇರ್ಪಡುತ್ತವೆ.

ಒಂದು ಇಲಾಖೆ ವರ್ಷದಲ್ಲಿ ಇಂಥ ಕೆಲಸಕ್ಕೆ ಇಷ್ಟರವರೆಗೆ ಖರ್ಚು ಮಾಡಬಹುದು ಎಂದು ಲೋಕಸಭೆ ಕೊಡುವ ಒಪ್ಪಿಗೆ ‘ಅನುದಾನ’. ಆ ಒಪ್ಪಿಗೆಗಾಗಿ ಸರ್ಕಾರ ಮುಂದಿಡುವ ಕೋರಿಕೆ ‘ಬೇಡಿಕೆ’. ಸಂವಿಧಾನದ 113ನೇ ಅನುಚ್ಛೇದದಲ್ಲಿ ಇದಿದೆ, ರಾಜ್ಯಗಳಿಗೆ 203. ಒಪ್ಪಿಗೆ ಸಿಕ್ಕ ಮೇಲೂ ಧನವಿನಿಯೋಗ ವಿಧೇಯಕ ಅಂಗೀಕಾರವಾಗದೆ ಸರ್ಕಾರದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಆದ್ದರಿಂದ ಈ ಅರ್ಥದ ಅನುದಾನ ಒಂದು ಮಿತಿ. ಅದು ಯಾರ ಕೈಗೂ ಬಂದ ಹಣವಲ್ಲ.

ಆ ಮಿತಿಯೊಳಗೆ ಇಲಾಖೆ ಕಾಫಿ ಮಂಡಳಿಗೆ ಹಣ ಕೊಡುತ್ತದೆ. ಮಂಡಳಿ 1942ರ ಕಾಫಿ ಕಾಯಿದೆಯಡಿಯ ಸಂಸ್ಥೆ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಇಲಾಖೆ ತನ್ನ ಅಧೀನದ ಇಂಥ ಸಂಸ್ಥೆಯನ್ನು ನಡೆಸಲು ಕೊಡುವುದು ‘ಸಹಾಯಾನುದಾನ’. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಮರುನಾಟಿಗೋ ನೀರಿನ ಅನುಕೂಲಕ್ಕೋ ಯೋಜನೆಯಡಿ ಸಿಗುವುದು ‘ಸಹಾಯಧನ’. ತೋಟದವರ ಬಾಯಲ್ಲಿ ಅದು ಸಬ್ಸಿಡಿಯೇ, ಹಾಗೆ ಬರೆದರೂ ತಪ್ಪಿಲ್ಲ.

ಇದು ಬರಿಯ ಪದಶುದ್ಧಿಯ ಮಾತಲ್ಲ. ಕೇಂದ್ರದ ಲೆಕ್ಕಪುಸ್ತಕದಲ್ಲೇ ಇವುಗಳ ಸಂಖ್ಯೆ ಬೇರೆ ಬೇರೆ: ಸಾಮಾನ್ಯ ಸಹಾಯಾನುದಾನ 31, ಸಹಾಯಧನ 33, ಬಂಡವಾಳ ಆಸ್ತಿ ನಿರ್ಮಿಸಲು ಕೊಡುವ ಸಹಾಯಾನುದಾನ 35, ಸಂಬಳದ ಬಾಬ್ತಿನದು 36. ಲೆಕ್ಕದಲ್ಲಿ ಬೇರೆಯಾಗಿರುವುದನ್ನು ಭಾಷೆಯಲ್ಲಿ ಒಂದು ಮಾಡಿದರೆ ಓದುಗನಿಗೆ ಹಣ ಎಲ್ಲಿ ನಿಂತಿತು ಎಂಬುದೇ ತಿಳಿಯುವುದಿಲ್ಲ. ಗೊಂದಲ ಬಂದ ದಾರಿಯೂ ಸ್ಪಷ್ಟ. ‘ಅನುದಾನಿತ ಶಾಲೆ’ ಎನ್ನುವಾಗ ನಾವು ಹೇಳುವುದು ಸಹಾಯಾನುದಾನವನ್ನು. ಆ ರೂಢಿಯ ಅರ್ಥವೇ ಸದನದ ಅನುದಾನಕ್ಕೂ ಅಂಟಿಕೊಂಡಿದೆ.

ಹೀಗಾದಾಗ ಕೆಡುವುದು ಪ್ರಶ್ನೋತ್ತರ. ‘ಕಳೆದ 3 ವರ್ಷಗಳಲ್ಲಿ ಮಂಡಳಿಗೆ ಎಷ್ಟು ಅನುದಾನ ನೀಡಲಾಗಿದೆ?’ ಎಂದು ಶಾಸಕರೋ ಸಂಸದರೋ ಕೇಳಿದರೆ ಆಯವ್ಯಯದಲ್ಲಿ ಒದಗಿಸಿದ ಮೊತ್ತ ಹೇಳಿದರೂ ಉತ್ತರ ಸರಿ, ಬಿಡುಗಡೆಯಾದ ಮೊತ್ತ ಹೇಳಿದರೂ ಸರಿ. ಕೇಳಿದವರಿಗೆ ಬೇಕಿದ್ದದ್ದು ಬೆಳೆಗಾರನ ಖಾತೆಗೆ ತಲುಪಿದ ಹಣದ ಲೆಕ್ಕ. ಒದಗಿಸಿದ್ದು, ಬಿಡುಗಡೆ ಮಾಡಿದ್ದು, ವೆಚ್ಚ ಬರೆದದ್ದು, ಫಲಾನುಭವಿಗೆ ಸಂದಾಯವಾದದ್ದು, ಈ ನಾಲ್ಕನ್ನೂ ನಾಲ್ಕು ಅಂಕಣಗಳಲ್ಲಿ ವರ್ಷವಾರು ಕೇಳಿದರೆ ಮಾತ್ರ ನಡುವೆ ಎಲ್ಲಿ ಸೋರಿತು, ಎಲ್ಲಿ ತಡೆದು ನಿಂತಿತು ಎಂಬುದು ಕಾಣುತ್ತದೆ. ‘ವೆಚ್ಚ’ದಲ್ಲೂ ಎಚ್ಚರ ಬೇಕು. ಸಂಸ್ಥೆಗೆ ಹಣ ಕೊಟ್ಟದ್ದನ್ನೇ ಇಲಾಖೆಯ ಲೆಕ್ಕದಲ್ಲಿ ವೆಚ್ಚ ಎಂದು ತೋರಿಸಬಹುದು. ಸಂಸ್ಥೆ ಅದನ್ನು ಬಳಸಿತೇ ಎಂಬುದು ಬೇರೆ ಮಾತು. ಅದಕ್ಕಾಗಿಯೇ ‘ಬಳಕೆ ಪ್ರಮಾಣಪತ್ರ’ ಇರುವುದು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅದರ ನಮೂನೆ 12-ಎ. ಹಣಕಾಸು ವರ್ಷ ಮುಗಿದು 12 ತಿಂಗಳೊಳಗೆ ಬರಬೇಕು.

ಇನ್ನೊಂದು ಜಾಗದಲ್ಲಿ ಅನುವಾದಕರು ಎಡವುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಆಯವ್ಯಯದ ಪುಟದಲ್ಲಿ ನಾಲ್ಕು ಅಂಕಣಗಳು: ಹಿಂದಿನ ವರ್ಷದ ‘ಲೆಕ್ಕಗಳು’, ನಡೆಯುತ್ತಿರುವ ವರ್ಷದ ‘ಆಯವ್ಯಯ ಅಂದಾಜು’, ಅದೇ ವರ್ಷದ ‘ಪರಿಷ್ಕೃತ ಅಂದಾಜು’, ಬರುವ ವರ್ಷದ ‘ಆಯವ್ಯಯ ಅಂದಾಜು’. ಇಲಾಖೆಗಳು ‘ನಿಗದಿಯಾದ ಹಣದಲ್ಲಿ ಶೇ. 95 ಬಳಸಿದ್ದೇವೆ’ ಎಂದಾಗ ಯಾವ ಅಂದಾಜಿನ 95 ಎಂದು ನೋಡಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಹೀಗಿಟ್ಟುಕೊಳ್ಳಿ: ಫೆಬ್ರವರಿಯಲ್ಲಿ ಅಂದಾಜಿಸಿದ್ದು 100 ಕೋಟಿ, ನಡುವರ್ಷದಲ್ಲಿ ಅದನ್ನು 60 ಕೋಟಿಗೆ ಇಳಿಸಿದರು, ಖರ್ಚಾದದ್ದು 57 ಕೋಟಿ. ಪರಿಷ್ಕೃತ ಅಂದಾಜಿಗೆ ಶೇ. 95, ಮೂಲ ಅಂದಾಜಿಗೆ ಶೇ. 57. ಕನ್ನಡದಲ್ಲಿ ಎರಡನ್ನೂ ‘ನಿಗದಿತ ಮೊತ್ತ’ ಎಂದು ಬರೆದರೆ 40 ಕೋಟಿಯ ಕಡಿತ ಕಣ್ಮರೆಯಾಗುತ್ತದೆ. ಸಮಿತಿ ಬಹಳ ಸಲ ಹಿಡಿಯುವುದು ಇದನ್ನೇ, ಆದ್ದರಿಂದ ‘ಮೂಲ’, ‘ಪರಿಷ್ಕೃತ’ ಎಂಬ ವಿಶೇಷಣಗಳನ್ನು ಎಲ್ಲಿಯೂ ಬಿಡಬೇಡಿ.

‘ಉಳಿತಾಯ’ದ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದು. ಲೆಕ್ಕಪರಿಶೋಧನೆಯಲ್ಲಿ ಸೇವಿಂಗ್ಸ್ ಎಂದರೆ ಮಿತವ್ಯಯವಲ್ಲ. ಸದನ ಒಪ್ಪಿದ ಕೆಲಸ ಆಗದೆ ಉಳಿದ ಹಣ. ಸಂಸತ್ತಿನಲ್ಲಿ ಒಂದು ಅನುದಾನದಡಿ 100 ಕೋಟಿ ರೂ. ಅಥವಾ ಹೆಚ್ಚು ಉಳಿದರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಇಲಾಖೆ ಕಾರಣ ಬರೆದುಕೊಡಬೇಕು. ಹೊಗಳಿಕೆಗೆ ಯಾರೂ ಕಾರಣ ಕೇಳುವುದಿಲ್ಲ. ನನ್ನ ಆಯ್ಕೆ ‘ಉಳಿಕೆ’, ಮೊದಲ ಸಲ ಬರುವಾಗ ‘ಖರ್ಚಾಗದೆ ಉಳಿದ ಮೊತ್ತ’.

ಸರೆಂಡರ್, ಲ್ಯಾಪ್ಸ್ ಒಂದೇ ಅಲ್ಲ. ಈ ಹಣ ಖರ್ಚಾಗುವುದಿಲ್ಲ ಎಂದು ಮೊದಲೇ ಕಂಡುಕೊಂಡು ಇಲಾಖೆ ಮಾರ್ಚ್ 31ರ ಒಳಗೆ ಹಣಕಾಸು ಇಲಾಖೆಗೆ ತಾನಾಗಿ ಮರಳಿಸುವುದು ಸರೆಂಡರ್. ಕಡತದ ಕನ್ನಡದಲ್ಲಿ ‘ಅಧ್ಯರ್ಪಣೆ’. ವರ್ಷ ಮುಗಿದೊಡನೆ ಅನುದಾನ ತನ್ನಷ್ಟಕ್ಕೆ ಇಲ್ಲವಾಗುವುದು ಲ್ಯಾಪ್ಸ್, ‘ವ್ಯಪಗತ’. ಮೊದಲನೆಯದು ಮಾಡುವ ಕ್ರಿಯೆ, ಎರಡನೆಯದು ಆಗುವ ಕ್ರಿಯೆ. ಸಕಾಲದಲ್ಲಿ ಒಪ್ಪಿಸಿದ ಹಣವನ್ನು ಬೇರೆ ಇಲಾಖೆಗೆ ಬಳಸಬಹುದು. ವ್ಯಪಗತವಾದದ್ದು ಆ ವರ್ಷ ಯಾರಿಗೂ ಒದಗಲಿಲ್ಲ. ಮಾರ್ಚ್ ಕೊನೆಯ ದಿನ ಒಪ್ಪಿಸಿದರೂ ಫಲ ಅಷ್ಟೇ, ಆದ್ದರಿಂದ ವರದಿಗಳು ದಿನಾಂಕವನ್ನೂ ಕೇಳುತ್ತವೆ. ‘ವಾಪಸ್’ ಎಂಬುದು ಈ ವ್ಯತ್ಯಾಸವನ್ನು ಅಳಿಸುತ್ತದೆ. ಸಾಮಾನ್ಯ ಓದುಗರಿಗೆ ‘ಮರಳಿ ಒಪ್ಪಿಸಿದರು’, ‘ಅವಧಿ ಮೀರಿ ರದ್ದಾಯಿತು’ ಎಂದರೆ ಸಾಕು.

ಸಾಕ್ಷ್ಯದ ವಿಚಾರ. ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದದ್ದು 1993ರಲ್ಲಿ. ಈಗ 24 ಇವೆ, ಪ್ರತಿಯೊಂದರಲ್ಲೂ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ವಾಣಿಜ್ಯದ ಸಮಿತಿ ರಾಜ್ಯಸಭಾ ಸಚಿವಾಲಯದ ಕೆಳಗಿದೆ. ಸಮಿತಿ ಮೊದಲು ಪ್ರಶ್ನಾವಳಿ ಕಳಿಸುತ್ತದೆ, ಇಲಾಖೆ ಲಿಖಿತ ಉತ್ತರ ಕೊಡುತ್ತದೆ, ಆಮೇಲೆ ಕಾರ್ಯದರ್ಶಿ ತಮ್ಮ ಅಧಿಕಾರಿಗಳೊಂದಿಗೆ ಬಂದು ಬಾಯಿಮಾತಿನಲ್ಲಿ ವಿವರಿಸುತ್ತಾರೆ. ಅಲ್ಲಿ ಹೇಳಲಾಗದ್ದನ್ನು ಮತ್ತೆ ಲಿಖಿತವಾಗಿ ಕೊಡುತ್ತಾರೆ. ಆರೋಪವೂ ಇಲ್ಲ, ಆರೋಪಿಯೂ ಇಲ್ಲ. ಹಾಗಾಗಿ ‘ವಿಚಾರಣೆ’, ‘ತನಿಖೆ’ ಸಲ್ಲದು. ವರದಿಯಲ್ಲಿ ‘ಮೌಖಿಕ ಸಾಕ್ಷ್ಯ’ ಇರಲಿ, ಅದು ನಿಯಮದ ಪದ. ಸಮಿತಿ ಮಾಡುವ ಕೆಲಸಕ್ಕೆ ‘ಪರಿಶೀಲನೆ’. ‘ಸಮಿತಿ ಇಲಾಖೆಯ ಹಣ ಕಡಿತಗೊಳಿಸಿತು’ ಎಂದು ಮಾತ್ರ ಎಂದೂ ಬರೆಯಬೇಡಿ. ಬೇಡಿಕೆಗಳ ಮೇಲಿನ ವರದಿಯಲ್ಲಿ ಕಡಿತ ಸೂಚನೆಯ (ಬೇಡಿಕೆಯ ಮೊತ್ತ ಇಳಿಸಬೇಕೆಂದು ಸದನದಲ್ಲಿ ಸದಸ್ಯರು ತರುವ ಸೂಚನೆ) ಸ್ವರೂಪದ ಯಾವುದನ್ನೂ ಹೇಳಬಾರದು ಎಂದು ನಿಯಮವೇ ಇದೆ. ಸಮಿತಿ ‘ಶಿಫಾರಸು ಮಾಡಿತು’, ‘ಅಭಿಪ್ರಾಯಪಟ್ಟಿತು’, ಅಷ್ಟೇ.

ಉತ್ತರ 2

ಮೇಲಿನ ವಿವರಣೆಗೆ ಬಹುಪಾಲು ಒಪ್ಪಿಗೆ. ಒಂದು ಭಿನ್ನಮತ, ಒಂದೆರಡು ಸೇರ್ಪಡೆ.

‘ಉಳಿಕೆ’ ಒಳ್ಳೆಯ ಪದ, ಆದರೆ ಮಹಾಲೇಖಪಾಲರ (ಸಿಎಜಿ) ಕನ್ನಡ ವರದಿಗಳಲ್ಲಿ ‘ಉಳಿತಾಯ’ವೇ ನೆಲೆಯಾಗಿದೆ. ಅವನ್ನು ಉಲ್ಲೇಖಿಸುವಾಗ ಪದ ಬದಲಿಸಿದರೆ ಓದುಗರು ಮೂಲದಲ್ಲಿ ಹುಡುಕಿದಾಗ ಸಿಗುವುದಿಲ್ಲ. ಉಲ್ಲೇಖದಲ್ಲಿ ‘ಉಳಿತಾಯ’ ಇಟ್ಟು, ನಿಮ್ಮ ಸ್ವಂತ ವಾಕ್ಯದಲ್ಲಿ ‘ಖರ್ಚಾಗದ ಮೊತ್ತ’ ಬಳಸಿ. ‘ಕಂಡಿಕೆ’ಯನ್ನೂ ಹಾಗೆಯೇ ಉಳಿಸಿಕೊಳ್ಳಿ, ಲೆಕ್ಕಪರಿಶೋಧನಾ ವರದಿಯ ಪ್ಯಾರಾಕ್ಕೆ ನಮ್ಮ ಕಚೇರಿಗಳಲ್ಲಿ ಅದೇ ಹೆಸರು.

‘ಖೋತಾ’ ಎಂಬ ಪದವನ್ನು ಇಲ್ಲಿ ದೂರವಿಡುವುದು ಲೇಸು. ‘ಖೋತಾ ಬಜೆಟ್’ ಎಂದರೆ ಕೊರತೆಯ ಬಜೆಟ್, ‘ಸಂಬಳ ಖೋತಾ’ ಎಂದರೆ ಕಡಿತ. ಸದನದ ಕಟ್ ಮೋಷನ್‌ಗೆ ‘ಕಡಿತ ಸೂಚನೆ’ಯೇ ಸರಿ. ಅದರಲ್ಲಿ ಮೂರು ಬಗೆ. ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆಂಬ ಸೂಚನೆ; ದುಂದು ಎನಿಸಿದರೆ ಇಂತಿಷ್ಟು ಮೊತ್ತ ಕಡಿಮೆ ಮಾಡಬೇಕೆಂಬುದು; ಒಂದು ನಿರ್ದಿಷ್ಟ ಕುಂದುಕೊರತೆ ಹೇಳಲು 100 ರೂಪಾಯಿ ಕಡಿತ. 1 ರೂಪಾಯಿ‘ಗೆ’ ಮತ್ತು 100 ರೂಪಾಯಿ‘ಯಷ್ಟು’ ಎಂಬ ವಿಭಕ್ತಿಯಲ್ಲೇ ಅರ್ಥವಿದೆ. ಅದು ತಪ್ಪಿದರೆ ಸೂಚನೆಯೇ ತಲೆಕೆಳಗಾಗುತ್ತದೆ.

ರಾಜ್ಯದ ಪ್ರಶ್ನೋತ್ತರ ಹಾಳೆಗಳನ್ನು ಓದುವವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ವಾಣಿಜ್ಯ ಮತ್ತು ಕೈಗಾರಿಕೆ ಬೇಡಿಕೆ ಸಂಖ್ಯೆ 18. ಅಲ್ಲಿನ ಲೆಕ್ಕಶೀರ್ಷಿಕೆಯ ಮೊದಲ ಅಂಕಿ ನೋಡಿದರೆ ಸಾಕು, 2 ಅಥವಾ 3 ಇದ್ದರೆ ರಾಜಸ್ವ ವೆಚ್ಚ (ದೈನಂದಿನ ಖರ್ಚು), 4 ಅಥವಾ 5 ಇದ್ದರೆ ಬಂಡವಾಳ (ಆಸ್ತಿ ನಿರ್ಮಿಸುವ ಖರ್ಚು), 6 ಅಥವಾ 7 ಇದ್ದರೆ ಸಾಲ. 2851 ಗ್ರಾಮ ಮತ್ತು ಸಣ್ಣ ಕೈಗಾರಿಕೆಗಳ ರಾಜಸ್ವ ವೆಚ್ಚ, 4851 ಅದೇ ಬಾಬ್ತಿನ ಬಂಡವಾಳ, 6851 ಸಾಲ. ಸಾಲವಾಗಿ ಕೊಟ್ಟದ್ದನ್ನು ‘ಅನುದಾನ ನೀಡಿದೆ’ ಎಂದು ಬರೆದರೆ ಹಿಂದಿರುಗಿಸಬೇಕಾದ ಹಣ ದಾನವಾಗಿ ಓದಿಸಿಕೊಳ್ಳುತ್ತದೆ.

ಪ್ರಶ್ನೆಯ ಹೆಣಿಗೆಯೂ ಪದದಷ್ಟೇ ಮುಖ್ಯ. ‘(ಅ) ಸಹಾಯಧನ ವಿತರಣೆ ವಿಳಂಬವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕಾರಣಗಳೇನು?’ ಎಂದು ಕೇಳಿದಾಗ ಅ-ಗೆ ‘ಇಲ್ಲ’ ಎಂದರೆ ಆ-ಗೆ ‘ಉದ್ಭವಿಸುವುದಿಲ್ಲ’ ಎಂದು ಮುಗಿಯುತ್ತದೆ. ‘ಉದ್ಭವಿಸುವುದಿಲ್ಲ’ ಎಂದರೆ ‘ಕಾರಣಗಳಿಲ್ಲ’ ಎಂದು ಅರ್ಥ ಮಾಡಬಾರದು. ಮೇಲಿನ ಉತ್ತರದಿಂದಾಗಿ ಈ ಪ್ರಶ್ನೆಗೆ ನೆಲೆಯಿಲ್ಲ ಎಂದಷ್ಟೇ. ‘ಬಂದಿದ್ದಲ್ಲಿ’ ಎಂಬ ಕೊಂಡಿ ತೆಗೆದು, ‘ಸ್ವೀಕರಿಸಿದ ಅರ್ಜಿಗಳೆಷ್ಟು, ಮಂಜೂರಾದವೆಷ್ಟು, ಮಂಜೂರಾತಿಯ ಮತ್ತು ಸಂದಾಯದ ದಿನಾಂಕಗಳೇನು, ತಾಲ್ಲೂಕುವಾರು ನೀಡುವುದು’ ಎಂದು ಕೇಳಿದರೆ ವಿಳಂಬ ತಾನಾಗಿ ಕಾಣುತ್ತದೆ. ಸ್ಥಳದಲ್ಲೇ ಉಪಪ್ರಶ್ನೆ ಕೇಳಬೇಕಿದ್ದರೆ ಪ್ರಶ್ನೆ ಚುಕ್ಕೆ ಗುರುತಿನದಾಗಿರಬೇಕು, ಅದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ. ಇಷ್ಟು ಅಂಕಿಅಂಶ ಬೇಕಾದರೆ ಲಿಖಿತ ಉತ್ತರ ಬರುವ ಚುಕ್ಕೆ ರಹಿತ ಪ್ರಶ್ನೆಯೇ ಅನುಕೂಲ, ಅನುಬಂಧದಲ್ಲಿ ಪಟ್ಟಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ತೊಡಕಾಗಿದ್ದ ಬಗೆಯ ವಾಕ್ಯವನ್ನು ಈಗ ಹೀಗೆ ಕೂರಿಸಿದ್ದೇನೆ: ‘ಇಲಾಖೆಗೆ ಲೋಕಸಭೆ ಒಪ್ಪಿದ ಅನುದಾನದಲ್ಲಿ ಮಂಡಳಿಗೆ ಸಹಾಯಾನುದಾನ ಬಿಡುಗಡೆಯಾಗಿದ್ದರೂ ಬೆಳೆಗಾರರ ಸಹಾಯಧನದ ಬಾಬ್ತಿನಲ್ಲಿ ಮೂಲ ಅಂದಾಜಿನ ಒಂದು ಭಾಗ ಖರ್ಚಾಗದೆ ಉಳಿದಿರುವುದನ್ನು ಸಮಿತಿ ಗಮನಿಸಿದೆ, ಆ ಮೊತ್ತವನ್ನು ಸಕಾಲದಲ್ಲಿ ಮರಳಿ ಒಪ್ಪಿಸದೆ ಅವಧಿ ಮೀರಿ ರದ್ದಾಗಲು ಬಿಟ್ಟದ್ದೇಕೆ ಎಂದು ವಿವರಣೆ ಕೇಳಿದೆ.’ ಉದ್ದವಾಯಿತು. ‘ಸಮಿತಿ ಗಮನಿಸಿದೆ’ ಎಂಬಲ್ಲಿಗೆ ನಿಲ್ಲಿಸಿ ಎರಡು ವಾಕ್ಯ ಮಾಡುತ್ತೇನೆ, ಪದಗಳನ್ನು ಮಾತ್ರ ಬದಲಿಸುವುದಿಲ್ಲ.