ನಿಕಾನ್ ಮೀಡಿಯಂ ಫಾರ್ಮ್ಯಾಟ್‌ಗೆ ಇಳಿಯಬೇಕಾ? ಝಡ್ ಮೌಂಟಿನಲ್ಲೇ ಆಗುತ್ತಾ?

ಬೆಳಕಿಂಡಿ:
ಮೀಡಿಯಂ ಫಾರ್ಮ್ಯಾಟ್‌ನಲ್ಲಿ, ಅಂದರೆ 36×24 ಮಿ.ಮೀ. ಫುಲ್ ಫ್ರೇಮಿಗಿಂತ ದೊಡ್ಡ ಸೆನ್ಸರಿನ ಕ್ಯಾಮೆರಾಗಳಲ್ಲಿ, ಫ್ಯೂಜಿ 2017ರಲ್ಲಿ ಜಿಎಫ್‌ಎಕ್ಸ್ 50ಎಸ್ ಮಾರುಕಟ್ಟೆಗೆ ತಂದಿತು, ಈಗ 102 ಮೆಗಾಪಿಕ್ಸೆಲ್‌ಗೆ ಬಂದಿದೆ. ಹ್ಯಾಸಲ್‌ಬ್ಲಾಡ್ ಎಕ್ಸ್ ಸರಣಿಯೂ ಇದೆ. ನಿಕಾನ್, ಕ್ಯಾನನ್ ಮಾತ್ರ ಆ ಕಡೆ ತಲೆ ಹಾಕಿಲ್ಲ. ನನ್ನ ಕೆಲಸ ರೇಷ್ಮೆ ಸೀರೆ ಕ್ಯಾಟಲಾಗು, ಜೊತೆಗೆ ಹಳೇ ವರ್ಣಚಿತ್ರಗಳ ಕಾಪಿ. ನಿಕಾನಿನ ಫುಲ್ ಫ್ರೇಮ್ ಝಡ್8 ಇದೆ, ನಾಲ್ಕು ಝಡ್ ಲೆನ್ಸ್ ಇವೆ. ಮೌಂಟಿನ (ಲೆನ್ಸ್ ಕೂರುವ ಉಂಗುರದ) ಬಾಯಿ 55 ಮಿ.ಮೀ. ಇದೆಯಲ್ಲ, ಅದರಲ್ಲೇ ದೊಡ್ಡ ಸೆನ್ಸರ್ ಕೂರಿಸಲು ಬರಲ್ವಾ? ಅದಕ್ಕಾಗಿ ಕಾಯಬಹುದಾ?

ಮಸೂರ_67:
ಸರ್, ಬಾಯಿಯ ಅಳತೆಗಿಂತ ದೊಡ್ಡ ತೊಡಕು ಲೆನ್ಸಿನದು. ಫ್ಯೂಜಿ ಸೆನ್ಸರ್ 43.8×32.9 ಮಿ.ಮೀ., ಕರ್ಣ 54.8. 55ರ ಬಾಯಿಯಲ್ಲಿ ಲೆಕ್ಕಕ್ಕೆ ಹಿಡಿಸುತ್ತೆ. ಆದರೆ ಕಾಂಟ್ಯಾಕ್ಟ್ ಪಿನ್ನುಗಳು ಒಳಕ್ಕೆ ಚಾಚಿಕೊಂಡಿರುತ್ತವೆ, ಸ್ಟೆಬಿಲೈಸೇಷನ್‌ಗೆ ಸೆನ್ಸರ್ ಅತ್ತಿತ್ತ ಸರಿಯಬೇಕು, ಆಗ ಜಾಗವೇ ಉಳಿಯಲ್ಲ. ಫ್ಯೂಜಿಯ ಜಿ ಮೌಂಟ್ 65 ಮಿ.ಮೀ. ಇದೆ.

ಸರಿ, ಹೇಗೋ ಕೂರಿಸಿದರು ಅಂದುಕೊಳ್ಳೋಣ. ನಿಮ್ಮ ನಾಲ್ಕೂ ಲೆನ್ಸ್ ಬಿಂಬ ಮೂಡಿಸುವುದು 43.3 ಮಿ.ಮೀ. ಕರ್ಣಕ್ಕೆ. ಹಿಂಬದಿ ತಿರುಗಿಸಿ ನೋಡಿ, ಕೆಲವದರಲ್ಲಿ ಆಯತಾಕಾರದ ಕಪ್ಪು ತಡೆ ಕಾಣುತ್ತೆ. 36×24ರ ಆಚೆಯ ಬೆಳಕನ್ನು ಅದು ಅಲ್ಲೇ ಕತ್ತರಿಸುತ್ತೆ. ದೊಡ್ಡ ಸೆನ್ಸರಿನ ಮೂಲೆಗಳು ಕಪ್ಪಾಗುತ್ತವೆ, ಕ್ರಾಪ್ ಮಾಡಿದರೆ ಮತ್ತೆ ಫುಲ್ ಫ್ರೇಮಿಗೇ ಬಂದಿರಿ. ಅಂದರೆ ಮೌಂಟ್ ಹಳೆಯದೇ ಇದ್ದರೂ ಲೆನ್ಸೆಲ್ಲಾ ಹೊಸದು.

ಅಷ್ಟಕ್ಕೆ ಸಿಗುವುದೇನು? 1441 ಚದರ ಮಿ.ಮೀ., ಫುಲ್ ಫ್ರೇಮಿನ 864ರ 1.67 ಪಟ್ಟು. ಬೆಳಕಿನಲ್ಲಿ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು). ಹಿನ್ನೆಲೆ ಕರಗಿಸುವ ವಿಷಯಕ್ಕೆ ಬಂದರೆ ಫ್ಯೂಜಿಯ 110 ಮಿ.ಮೀ. ಎಫ್2 ಲೆನ್ಸ್ ಫುಲ್ ಫ್ರೇಮಿನ 87 ಮಿ.ಮೀ. ಎಫ್1.6ಕ್ಕೆ ಸಮ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ರಂಧ್ರ ದೊಡ್ಡದು). ನಿಕಾನ್ ಬಳಿ 85 ಎಫ್1.2 ಈಗಾಗಲೇ ಇದೆ. ಇದೇ ಅಳತೆಯ ಸೆನ್ಸರಿಗಾದರೆ ನಿಕಾನ್ ಬರುವುದು ಬೇಡ.

ಕತ್ತಲಕೋಣೆ:
ಅಳತೆಯ ಮಾತನ್ನು ಪೂರ್ತಿ ಒಪ್ತೀನಿ. ಆದರೆ ಬರಲೇಬಾರದು ಅನ್ನುವುದನ್ನು ಒಪ್ಪಲ್ಲ. ಬ್ರಾನಿಕಾದ 6×6 ಸೆಂ.ಮೀ. ಫಿಲ್ಮ್ ಕ್ಯಾಮೆರಾಗಳಿಗೆ ತನ್ನ ನಿಕ್ಕೋರ್ ಲೆನ್ಸ್ ಕೊಟ್ಟ ಕಂಪನಿ ಇದು, ಗಾಜಿನ ವಿದ್ಯೆ ಅವರಿಗೆ ಗೊತ್ತು.

ಬರುವುದಾದರೆ 53.4×40ಕ್ಕೆ ಬರಲಿ. ಫುಲ್ ಫ್ರೇಮಿನ 2.47 ಪಟ್ಟು, 1.3 ಸ್ಟಾಪ್ ಲಾಭ, ಅದು ಕಣ್ಣಿಗೆ ಕಾಣುವ ವ್ಯತ್ಯಾಸ. ಫೇಸ್ ಒನ್ ಕಂಪನಿಯ 150 ಮೆಗಾಪಿಕ್ಸೆಲ್ ಬ್ಯಾಕ್‌ನಲ್ಲಿ (ಕ್ಯಾಮೆರಾದ ಹಿಂದೆ ಕೂರುವ ಸೆನ್ಸರ್ ಭಾಗ) ಇರುವುದು ಈ ಅಳತೆಯೇ. ಬೆಲೆ ಏರುವುದು ಸಿಲಿಕಾನ್ ಬಿಲ್ಲೆಯಿಂದ. 300 ಮಿ.ಮೀ. ಬಿಲ್ಲೆಯಲ್ಲಿ ಫುಲ್ ಫ್ರೇಮ್ ಸೆನ್ಸರ್ ಸುಮಾರು 60 ಹಿಡಿದರೆ, ಫ್ಯೂಜಿಯ 44×33 ಹೆಚ್ಚುಕಡಿಮೆ 30, 53.4×40 ಇನ್ನೂ ಕಮ್ಮಿ. ಒಂದು ದೋಷ ಬಿದ್ದರೆ ಹಾಳಾಗುವ ಜಾಗವೂ ದೊಡ್ಡದು. ಫ್ಯೂಜಿ, ಹ್ಯಾಸಲ್‌ಬ್ಲಾಡ್ ಎರಡೂ ಸೋನಿಯ ಸೆನ್ಸರನ್ನೇ ಹಾಕುತ್ತವೆ. ನಿಕಾನ್ ಅದನ್ನೇ ತಂದು ಹಾಕಿದರೆ ಹೊಸತೇನೂ ಇಲ್ಲ.

ನನಗೆ ನಿಜಕ್ಕೂ ಬೇಕಿರುವುದು ಲೀಫ್ ಶಟರ್, ಅಂದರೆ ಲೆನ್ಸಿನೊಳಗಿನ ಶಟರ್. ಲೆನ್ಸ್ ಬದಲಿಸಬಲ್ಲ ಜಿಎಫ್‌ಎಕ್ಸ್ ಬಾಡಿಗಳ ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) 1/125 ಸೆಕೆಂಡ್. ಮಟಮಟ ಮಧ್ಯಾಹ್ನ ಹೊರಗೆ ವಧುವಿನ ಮುಖಕ್ಕೆ ಫ್ಲ್ಯಾಶ್ ತುಂಬಬೇಕಾದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು, ಇಲ್ಲವೇ ಹೈ ಸ್ಪೀಡ್ ಸಿಂಕಿಗೆ ಹೋಗಿ ಫ್ಲ್ಯಾಶಿನ ಶಕ್ತಿ ಕಳೆದುಕೊಳ್ಳಬೇಕು. ಹ್ಯಾಸಲ್‌ಬ್ಲಾಡ್‌ನಲ್ಲಿ ಶಟರ್ ಲೆನ್ಸಿನೊಳಗೇ ಇರುವುದರಿಂದ 1/2000ದಲ್ಲೂ ಸಿಂಕ್ ಆಗುತ್ತೆ. ಅದಕ್ಕೆ ನಿಕಾನ್ ಆಟೋಫೋಕಸ್ ಸೇರಿಸಿ ಯೋಚಿಸಿ!

ಹಾಸುಹೊಕ್ಕು:
ಬೆಳಕಿಂಡಿಯವರೇ, ಕಾಯಬೇಡಿ. ವರ್ಣಚಿತ್ರದ ಕಾಪಿಗೆ ಝಡ್8ರ ಪಿಕ್ಸೆಲ್ ಶಿಫ್ಟ್ ಸಾಕು (ಸೆನ್ಸರನ್ನು ಒಂಚೂರು ಸರಿಸುತ್ತಾ ಹಲವು ಶಾಟ್ ತೆಗೆಯುವುದು; ಫರ್ಮ್‌ವೇರ್ 2.00ರಿಂದ ಇದೆ). 16 ಶಾಟ್ ತೆಗೆದು ನಿಕಾನಿನ ಎನ್‌ಎಕ್ಸ್ ಸ್ಟುಡಿಯೋ ತಂತ್ರಾಂಶದಲ್ಲಿ ಕೂಡಿಸಿದರೆ ಸುಮಾರು 180 ಮೆಗಾಪಿಕ್ಸೆಲ್. ಶಾಟ್‌ಗಳ ನಡುವೆ ನೆಲ ಅದುರಿದರೂ ಚಿತ್ರದಲ್ಲಿ ಸಣ್ಣ ಜಾಲರಿ ಗುರುತು ಬರುತ್ತೆ, ಮರದ ಅಟ್ಟದ ಮೇಲೆ ಟ್ರೈಪಾಡ್ ಇಡಬೇಡಿ.

ಇನ್ನೊಂದು ದಾರಿ, ಕ್ಯಾಮೆರಾ ನೆಟ್ಟಗೆ (ಪೋರ್ಟ್ರೇಟ್ ಭಂಗಿಯಲ್ಲಿ) ನಿಲ್ಲಿಸಿ ಶೇ. 30 ಮೇಲ್ಹೊದಿಕೆ ಬಿಟ್ಟು ಮೂರು ಫ್ರೇಮ್ ಹೊಲಿಯಿರಿ. 13,210×8256, ಅಂದರೆ 109 ಮೆಗಾಪಿಕ್ಸೆಲ್. ಸಪಾಟಾದ ವಸ್ತುವಿಗೆ ಕ್ಯಾಮೆರಾ ತಿರುಗಿಸಬಾರದು, ಹಳಿಯ ಮೇಲೆ ಪಕ್ಕಕ್ಕೆ ಸರಿಸಬೇಕು. ಲೈಟು ಚಿತ್ರದ ಜೊತೆ ಇರಲಿ, ಕ್ಯಾಮೆರಾ ಜೊತೆ ಚಲಿಸದಿರಲಿ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುಯಲ್.

ಬೆಳಕಿಂಡಿ:
ಧನ್ಯವಾದ. ಆದರೆ ಸೀರೆ ಉಟ್ಟು ನಿಂತ ಮಾಡೆಲ್? ಅಲ್ಲಿ ಎರಡೂ ನಡೆಯಲ್ಲ. ಒಡಲ ನೇಯ್ಗೆಯಲ್ಲಿ ಕಾಮನಬಿಲ್ಲಿನ ಹಾಗೆ ಮ್ವಾರೆ (ಬಟ್ಟೆಯಲ್ಲಿಲ್ಲದ ಸುಳ್ಳು ಪಟ್ಟೆ) ಬರುತ್ತೆ.

ಹಾಸುಹೊಕ್ಕು:
ಅಲ್ಲಿ ಮಾತ್ರ ಹೆಚ್ಚಿನ ಪಿಕ್ಸೆಲ್‌ಗೆ ನಿಜವಾದ ಬೆಲೆ ಇದೆ. ಫ್ರೇಮಿನ ಉದ್ದಕ್ಕೆ 165 ಸೆಂ.ಮೀ. ಹಿಡಿದರೆ ಝಡ್8ರಲ್ಲಿ ಸೆಂಟಿಮೀಟರಿಗೆ 50 ಪಿಕ್ಸೆಲ್, 102 ಮೆಗಾಪಿಕ್ಸೆಲ್‌ನಲ್ಲಿ 70. ಸೆಂ.ಮೀ.ಗೆ 30 ಎಳೆ ಇರುವ ನೇಯ್ಗೆಗೆ ಕನಿಷ್ಠ 60 ಬೇಕು, ಎಳೆಗೆ ಎರಡರಂತೆ. ಒಂದರಲ್ಲಿ ಮ್ವಾರೆ ಬರುವುದು, ಇನ್ನೊಂದರಲ್ಲಿ ಬಹುಪಾಲು ಬರದಿರುವುದು ಅದಕ್ಕೇ. ಬಣ್ಣದ ಮ್ವಾರೆ ಅಲ್ಲೂ ಸ್ವಲ್ಪ ಉಳಿಯಬಹುದು, ಒಂದೊಂದು ಪಿಕ್ಸೆಲ್ ಒಂದೊಂದೇ ಬಣ್ಣ ಓದುತ್ತದಲ್ಲ.

ಸದ್ಯಕ್ಕೆ ಎಫ್16ಕ್ಕೆ ಇಳಿಸಿ. ಝಡ್8ರ 4.35 ಮೈಕ್ರಾನ್ ಪಿಕ್ಸೆಲ್ ಹಿಡಿಯಬಲ್ಲ ಮಿತಿಯ ಹತ್ತಿರಕ್ಕೇ ಡಿಫ್ರಾಕ್ಷನ್ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದು) ವಿವರವನ್ನು ನಿಲ್ಲಿಸಿಬಿಡುತ್ತೆ, ಮ್ವಾರೆ ತುಂಬಾ ತಗ್ಗುತ್ತೆ. ಕಳೆದುಕೊಂಡ ಮೊನಚನ್ನು ರಾ ಫೈಲಿನಲ್ಲಿ ಶಾರ್ಪನಿಂಗ್ ಕೊಟ್ಟು ಸಾಕಷ್ಟು ವಾಪಸ್ ತರಬಹುದು. ಅಂಚು, ಸೆರಗಿನ ಜರಿಯನ್ನು ಬೇರೆಯಾಗಿ ಹತ್ತಿರದಿಂದ ಎಫ್8ರಲ್ಲಿ ತೆಗೆಯಿರಿ.