ಆರ್‌ಒ ಮೆಂಬ್ರೇನ್‌ನಲ್ಲಿ ಲೋಳೆ ಕಟ್ಟುತ್ತಿದೆಯಾ ಅಂತ ಮುಂಚೆಯೇ ತಿಳಿಯೋದು ಹೇಗೆ?

ಪಾವಗಡ ಆಪರೇಟರ್:
ಊರಿನ ಶುದ್ಧ ನೀರಿನ ಘಟಕ ನೋಡ್ಕೋತೀನಿ. ಗಂಟೆಗೆ 1000 ಲೀಟರಿನದು, 4040 ಮೆಂಬ್ರೇನ್ (4 ಇಂಚು ದಪ್ಪ, 40 ಇಂಚು ಉದ್ದದ್ದು) ನಾಲ್ಕು, ಒಂದರ ಹಿಂದೆ ಒಂದು. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಘಟಕ ನಿಂತರೆ ಜನಕ್ಕೆ ಬೇರೆ ದಾರಿ ಇಲ್ಲ. ಒಳ್ಳೇ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಸರಿಯಾಗೇ ಇದೆ. ಆದರೆ ಮೆಂಬ್ರೇನ್‌ಗೆ ನೀರು ಒಳಹೋಗೋ ಕಡೆಯ ಒತ್ತಡದ ಗೇಜ್ ಏರ್ತಿದೆ, ರಿಜೆಕ್ಟ್ (ಹೊರಬಿಡೋ ಉಪ್ಪು ನೀರು) ಕಡೆಯದು ಇಳೀತಿದೆ. ಮೆಂಬ್ರೇನ್‌ಗೆ ಮುಂಚಿನ ಕಾರ್ಟ್ರಿಡ್ಜ್ ಫಿಲ್ಟರ್ ಬಿಚ್ಚಿದರೆ ಕೈ ಜಾರುತ್ತೆ. ಸರ್ವೀಸ್‌ನವರು ಉಪ್ಪು ಕಟ್ಟಿದೆ, ಆಸಿಡ್ ಬಿಡಿ ಅಂತಾರೆ. ಬಿಡಲಾ?

ನೀರುಗಂಟಿ:
ಈಗಲೇ ಬೇಡ ತಮ್ಮಾ. ಉಪ್ಪು ಕಟ್ಟೋದು ಸಾಮಾನ್ಯವಾಗಿ ಕೊನೇ ಮೆಂಬ್ರೇನ್‌ನಲ್ಲಿ, ಲವಣ ಹೆಚ್ಚು ಸೇರೋದು ಅಲ್ಲೇ. ಲೋಳೆ ಅಂದ್ರೆ ಬ್ಯಾಕ್ಟೀರಿಯಾ ಕಟ್ಟೋ ಪದರ, ಅದು ಶುರುವಾಗೋದು ಮೊದಲನೆಯದರಲ್ಲಿ, ಬ್ಯಾಕ್ಟೀರಿಯಾಗೆ ಆಹಾರ ಮೊದಲು ಸಿಗೋ ಕಡೆ. ಆ ಮೊದಲ ಮೆಂಬ್ರೇನನ್ನ ಹೊರಗೆಳೆದು ನೀರು ಒಳಬರೋ ತುದಿ ಮುಟ್ಟಿ ನೋಡು, ಮೂಸಿ ನೋಡು.

ಲೋಳೆ, ಮೆಂಬ್ರೇನ್ ಒಳಗೆ ಸುತ್ತಿರೋ ಹಾಳೆಗಳ ನಡುವಿನ ಜಾಲರಿಗೆ ಅಂಟಿ ನೀರಿನ ದಾರಿಯನ್ನೇ ಮುಚ್ಚುತ್ತೆ. ಅದಕ್ಕೇ ಟಿಡಿಎಸ್ ಕೆಡೋದಕ್ಕೆ ಮುಂಚೆ ಎರಡು ಗೇಜ್‌ಗಳ ಅಂತರ ಬೆಳೆಯುತ್ತೆ. ನೀನು ಕಾಯಬೇಕಾದ್ದು ಆ ಅಂತರವನ್ನ. ದಿನಾ ಬೆಳಿಗ್ಗೆ ಎರಡೂ ಒತ್ತಡ, ಒಳ್ಳೇ ನೀರಿನ ಪ್ರಮಾಣ, ರಿಜೆಕ್ಟ್ ಪ್ರಮಾಣ, ನೀರಿನ ಉಷ್ಣಾಂಶ ಪುಸ್ತಕದಲ್ಲಿ ಬರಿ. ಒಂದು ಡಿಗ್ರಿ ತಣ್ಣಗಾದರೆ ಒಳ್ಳೇ ನೀರು ಸುಮಾರು 3% ಇಳಿಯುತ್ತೆ, ಚಳಿಗಾಲದಲ್ಲಿ ಅದನ್ನ ಲೋಳೆ ಅಂದ್ಕೋಬೇಡ. ರಿಜೆಕ್ಟ್ ವಾಲ್ವ್ ತಿರುಗಿಸ್ತಾ ಇದ್ದರೆ ಈ ಲೆಕ್ಕ ನಿಲ್ಲಲ್ಲ. ಗೇಜ್‌ಗಳನ್ನೂ ನಂಬಬೇಡ, ಆಗಾಗ ಅದಲು ಬದಲು ಮಾಡಿ ನೋಡು. ತೊಳೆದ ಹೊಸತರಲ್ಲಿದ್ದ ಅಂತರಕ್ಕಿಂತ 15% ಏರಿದರೆ ತೊಳಿ. ಹಳೇ ಲೋಳೆ ಬಿಡೋದು ಬಹಳ ಕಷ್ಟ.

ಮೊದಲು ಕ್ಷಾರದ ತೊಳೆತ, ಪಿಎಚ್ ಮೆಂಬ್ರೇನ್ ಕಂಪನಿ ಹೇಳಿದ ಮಿತಿಯೊಳಗೆ. ಆಸಿಡ್ ಆಮೇಲೆ. ಮೊದಲೇ ಆಸಿಡ್ ಬಿಟ್ಟರೆ ಲೋಳೆ ಗಟ್ಟಿಯಾಗಬಹುದು.

ಪಾವಗಡ ಆಪರೇಟರ್:
ಬೋರ್ ನೀರಿನ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕ್ತೀವಲ್ಲ ಅಣ್ಣಾ, ಆದ್ರೂ ಯಾಕೆ ಬೆಳೆಯುತ್ತೆ?

ಲ್ಯಾಬ್ ಅಕ್ಕ:
ಕಾರ್ಬನ್ ಫಿಲ್ಟರ್ ಆ ಕ್ಲೋರಿನ್ ತೆಗೆದುಬಿಡುತ್ತೆ. ತೆಗೀಲೇಬೇಕು, ಇಲ್ಲದಿದ್ದರೆ ಮೆಂಬ್ರೇನಿನ ಪಾಲಿಅಮೈಡ್ ಪದರ ಹಾಳಾಗುತ್ತೆ. ಆದರೆ ಕ್ಲೋರಿನ್ ಇಲ್ಲದ ಆ ಕಾರ್ಬನ್ನೇ ಬ್ಯಾಕ್ಟೀರಿಯಾದ ಮನೆಯಾಗುತ್ತೆ. ಕಾರ್ಬನ್‌ಗೆ ಮುಂಚಿನ ನೀರು, ನಂತರದ ನೀರು ಎರಡನ್ನೂ ಪ್ಲೇಟ್ ಕೌಂಟ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಎಣಿಸೋ ಪರೀಕ್ಷೆ) ಕೊಡಿ. ಎಟಿಪಿ (ಜೀವಕೋಶಗಳಲ್ಲಿರೋ ವಸ್ತು) ಅಳೆಯೋ ಮೀಟರ್ ಇರೋ ಲ್ಯಾಬ್ ಸಿಕ್ಕರೆ ನಿಮಿಷಗಳಲ್ಲೇ ಗೊತ್ತಾಗುತ್ತೆ, ಪ್ಲೇಟ್‌ನಲ್ಲಿ ಬೆಳೆಯದ ಬ್ಯಾಕ್ಟೀರಿಯಾವೂ ಅದರಲ್ಲಿ ಲೆಕ್ಕಕ್ಕೆ ಬರುತ್ತೆ. ಘಟಕ ನಿಲ್ಲಿಸುವಾಗೆಲ್ಲ ಒಳ್ಳೇ ನೀರಲ್ಲಿ ಮೆಂಬ್ರೇನ್ ಫ್ಲಷ್ ಮಾಡಿ.

ಪಾವಗಡ ಆಪರೇಟರ್:
ಸ್ಯಾಂಪಲ್ ಬಿಸ್ಲೇರಿ ಬಾಟಲಿಯಲ್ಲಿ ತರಬಹುದಾ ಅಕ್ಕಾ?

ಲ್ಯಾಬ್ ಅಕ್ಕ:
ಬೇಡ. ಲ್ಯಾಬಿನಲ್ಲೇ ಸ್ಟೆರೈಲ್ ಬಾಟಲಿ ಕೇಳಿ, ಕ್ಲೋರಿನ್ ಇಲ್ಲವಾಗಿಸೋ ಥಯೋಸಲ್ಫೇಟ್ ಹಾಕಿರೋದು. ಐಸ್ ಬಾಕ್ಸಲ್ಲಿಟ್ಟು ಅದೇ ದಿನ ತಲುಪಿಸಿ.